ಮೈ ಸಡಿಲ ಬಿಡಬೇಡಿ, ಬಿಗಿ ಹಿಡಿಯಿರಿ: ಬಾಡಿ ಹಾರರ್ ನೋಡಲು ಕಲಿತ ಕತೆ

ಬಾಡಿ ಹಾರರ್ ಅಂದರೆ ಮನುಷ್ಯನ ಮೈಯೇ ಬಿರಿದು, ವಿಕಾರವಾಗಿ ಬದಲಾಗಿ ಹೆದರಿಸುವ ಬಗೆಯ ಸಿನಿಮಾ. ಅಂಥದ್ದೇ ಒಂದು, 1989ರ ಜಪಾನಿ ಸಿನಿಮಾ 'ಟೆಟ್ಸುವೊ'ವನ್ನು ಕೊನೆಗೂ ಕಣ್ಣು ಮುಚ್ಚದೆ ಪೂರ್ತಿ ನೋಡಿದೆ. ಇರುವುದೇ 67 ನಿಮಿಷ, ನನಗೆ ಹಿಡಿದದ್ದು ಹತ್ತಿರ ಹತ್ತಿರ ಎಂಟು ತಿಂಗಳು. 'ನಿನ್ನ ಕೈಲಿ ಆಗಲ್ಲ ಬಿಡು, ಕಾಮಿಡಿ ನೋಡ್ಕೋ' ಅಂದಿದ್ದ ಗೆಳೆಯರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ನನ್ನ ತೊಂದರೆ ಭಯ ಅಲ್ಲ. ದೆವ್ವದ ಸಿನಿಮಾ ನೋಡಿ ಆರಾಮಾಗಿ ಮಲಗುತ್ತೇನೆ. ಚರ್ಮ ಬಿರಿದು ಒಳಗಿಂದ ಏನಾದರೂ ಹೊರಗೆ ಬಂತೋ, ಮುಗೀತು: ಕಿವಿ ಗುಂಯ್ ಅನ್ನುತ್ತದೆ, ಅಂಗೈ ತಣ್ಣಗಾಗುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ. ಥಿಯೇಟರಿನಿಂದ ಎರಡು ಸಲ ಅರ್ಧಕ್ಕೇ ಎದ್ದು ಬಂದೆ, ಮೂರನೇ ಸಲ ಎದ್ದು ಬರಲೂ ಆಗದೆ ಮೆಟ್ಟಿಲ ಮೇಲೆ ಕುಸಿದು ಕೂತೆ. ಎಲ್ಲರ ಟಿಕೆಟ್ ದುಡ್ಡು ನನ್ನದು, ಸಿನಿಮಾ ನೋಡಿದ್ದು ಜೊತೆಗೆ ಬಂದವರು.

ಆಮೇಲೆ ಹೆಡ್‌ಫೋನ್ ಕೊಂಡೆ, ಸುಮಾರು ಮೂರು ತಿಂಗಳ ಉಳಿತಾಯ ಅದಕ್ಕೇ ಹೋಯಿತು. ಒಬ್ಬನೇ ಕೂತು ಮನಸ್ಸಿಟ್ಟು ನೋಡಿದರೆ ಅಭ್ಯಾಸವಾಗುತ್ತದೆ ಅನ್ನೋ ಲೆಕ್ಕ. ಆದದ್ದೇ ಬೇರೆ. ಆ ಪಚಪಚ ಸದ್ದು ನೇರ ತಲೆಬುರುಡೆಯೊಳಗೇ ಶುರುವಾಯಿತು. ಅರ್ಧ ಬೆಲೆಗೆ ಮಾರಿದೆ. ಮುಂದೆ 'ಇದೆಲ್ಲ ಬರೀ ರಬ್ಬರ್' ಅಂದುಕೊಳ್ಳೋ ಪ್ರಯೋಗ. 'ದಿ ಫ್ಲೈ' (1986) ಮೇಕಪ್ಪಿಗೆ ಆಸ್ಕರ್ ಬಂದಿದೆ ಅಲ್ವಾ, ವಾಲಸ್ ಮತ್ತು ಡುಪುಯಿಗೆ. ಆ ಕೆಲಸದ ಬಗ್ಗೆ ಸಿಕ್ಕಿದ್ದೆಲ್ಲ ಓದಿಕೊಂಡು ಕೂತೆ. ತಲೆಗೆ ಗೊತ್ತಾಯಿತು, ಹೊಟ್ಟೆಗೆ ಗೊತ್ತಾಗಲಿಲ್ಲ.

ದಾರಿ ಸಿಕ್ಕಿದ್ದು ರಕ್ತ ಪರೀಕ್ಷೆಗೆ ಹೋದಾಗ. ನನ್ನ ಮುಖ ನೋಡಿದ ನರ್ಸ್, 'ತೊಡೆ ಬಿಗಿ ಹಿಡ್ಕೊಳ್ಳಿ, ಆ ಕಡೆ ಕೈ ಮುಷ್ಟಿ ಮಾಡಿ' ಅಂದರು. ಎಲ್ಲರೂ ಮೈ ಸಡಿಲ ಬಿಡು, ಉಸಿರು ನಿಧಾನ ಎಳೆ ಅನ್ನುತ್ತಿದ್ದರೆ ಇವರದು ಪೂರಾ ಉಲ್ಟಾ. ಹುಡುಕಿದರೆ, ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ 1980ರ ದಶಕದಲ್ಲೇ ಇದನ್ನು ಪದ್ಧತಿಯಾಗಿ ಮಾಡಿಟ್ಟಿದ್ದಾರೆ. ರಕ್ತ ನೋಡಿ ತಲೆ ತಿರುಗುವವರಿಗೆ ಬಿಪಿ ಬೀಳುತ್ತದೆ, ಸಡಿಲ ಬಿಟ್ಟರೆ ಇನ್ನಷ್ಟು ಬೀಳುತ್ತದೆ. ಇಷ್ಟು ದಿನ ನಾನೇ ನನ್ನನ್ನು ಬೀಳಿಸುತ್ತಿದ್ದೆ!

ನಾನು ಮಾಡುವುದು ಹೀಗೆ. ತೋಳು, ಹೊಟ್ಟೆ, ತೊಡೆ ಮೂರನ್ನೂ ಹತ್ತು ಹದಿನೈದು ಸೆಕೆಂಡ್ ಬಿಗಿ ಹಿಡಿಯುತ್ತೇನೆ, ಮುಖ ಬೆಚ್ಚಗಾಗುವವರೆಗೆ. ಅರ್ಧ ನಿಮಿಷ ಬಿಡುತ್ತೇನೆ, ಆದರೆ ಪೂರ್ತಿ ಸಡಿಲ ಅಲ್ಲ. ಮತ್ತೆ ಬಿಗಿ. ಹೀಗೆ ಐದು ಸಲ. ಉಸಿರು ಕಟ್ಟಬಾರದು, ನಾನು ಮೊದಲ ವಾರ ಅದೇ ತಪ್ಪು ಮಾಡಿದೆ. ಬಿಪಿ ಜಾಸ್ತಿ ಇರುವವರು ಡಾಕ್ಟರನ್ನು ಕೇಳಿಯೇ ಮಾಡಿ.

ಕಷ್ಟ ಇರುವುದು ಯಾವಾಗ ಬಿಗಿ ಹಿಡಿಯಬೇಕು ಅನ್ನುವುದರಲ್ಲಿ. ಮಾಮೂಲಿ ಸಿನಿಮಾದಲ್ಲಿ ಸಂಗೀತ ಮೊದಲೇ ಸುಳಿವು ಕೊಡುತ್ತದೆ. 'ಇರೇಸರ್‌ಹೆಡ್' (1977) ಥರದ ಕನಸಿನಂಥ ಸಿನಿಮಾದಲ್ಲಿ ಆ ಗುಂಯ್‌ಗುಡುವ ಸದ್ದು ನಿಲ್ಲುವುದೇ ಇಲ್ಲ, ಎಲ್ಲಿ ಏನಾಗುತ್ತದೋ ಗೊತ್ತಾಗಲ್ಲ. ಅದಕ್ಕೆ ಒಂದು ಉಪಾಯ ಕಂಡುಕೊಂಡಿದ್ದೇನೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಟಿವಿಯ ಬಣ್ಣ ಸೊನ್ನೆಗೆ ಇಳಿಸಿ 'ದಿ ಥಿಂಗ್' (1982) ನೋಡಿದೆ. ರಕ್ತ ಮಸಿಯ ಹಾಗೆ ಕಂಡು ಸಲೀಸಾಯಿತು, ಆದರೆ ಮಜಾ ಅರ್ಧ ಹೋಯಿತು. ಮೀಥೈಲ್ ಸೆಲ್ಯುಲೋಸ್ ಪುಡಿ ನೀರಿಗೆ ಹಾಕಿ ಸಿನಿಮಾದ ಲೋಳೆಯನ್ನು ಮನೆಯಲ್ಲೇ ಮಾಡಿದೆ. ಕೈಗೆ ಹತ್ತಿದ ಮೇಲೆ ಅಸಹ್ಯ ಕಡಿಮೆಯಾಯಿತು, ನೆಲದಿಂದ ಹೋಗಿಸಲು ಮೂರು ದಿನ ಬೇಕಾಯಿತು.

ತಲೆ ತಿರುಗುವುದು ನಿಂತ ಮೇಲೆ ಗೊತ್ತಾಯಿತು, ಈ ಸಿನಿಮಾಗಳು ಎಷ್ಟು ತಮಾಷೆ ಅಂತ. 'ಟೆಟ್ಸುವೊ'ದಲ್ಲಿ ನಾಯಕ ಶೇವ್ ಮಾಡುವಾಗ ಕೆನ್ನೆಯಲ್ಲಿ ಲೋಹದ ಮುಳ್ಳು ಸಿಗುತ್ತದಲ್ಲ, ನಾನು ಜೋರಾಗಿ ನಕ್ಕುಬಿಟ್ಟೆ. 'ವಿಡಿಯೋಡ್ರೋಮ್' (1983) ನಾಯಕನ ಹೊಟ್ಟೆಯೊಳಗೆ ಕ್ಯಾಸೆಟ್ ತುರುಕುವ ದೃಶ್ಯವನ್ನು ಎರಡು ಸಲ ಹಿಂದೆ ಹಾಕಿ ನೋಡಿದೆ. ಯಾಕೆ ಹೀಗಾಯಿತು ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. ಕನಸಿನಲ್ಲಿ ಯಾರು ಕೇಳುತ್ತಾರೆ?

ಕಣ್ಣಿಗೆ ಸೂಜಿ ಬರುವ ದೃಶ್ಯ ಮಾತ್ರ ಇನ್ನೂ ಆಗಿಲ್ಲ, ತೊಡೆ ಎಷ್ಟೇ ಬಿಗಿ ಹಿಡಿದರೂ. ಅದಕ್ಕೆ ಪಕ್ಕದಲ್ಲಿ ದಿಂಬು ಇಟ್ಟುಕೊಂಡಿರುತ್ತೇನೆ.