ಉತ್ತರ ಯಾರು ಹುಡುಕಿದ್ದು? ಪತ್ತೇದಾರಿ ಆಟಗಳ ಜೊತೆ ನನ್ನ ಅನುಭವ

ಪತ್ತೇದಾರಿ ಆಟದಲ್ಲಿ ಕೊಲೆ ಮಾಡಿದ್ದು ಯಾರು ಅನ್ನುವುದು ಕೊನೆಗೆ ಗೊತ್ತಾಗಿಯೇ ಆಗುತ್ತದೆ. ಆದರೆ ಅದನ್ನು ಕಂಡುಹಿಡಿದದ್ದು ನಾನೋ, ಆಟದೊಳಗಿನ ಪತ್ತೇದಾರನೋ? ನಾನು ಯಾವ ಆಟವನ್ನಾದರೂ ಅಳೆಯುವುದು ಈ ಒಂದು ಪ್ರಶ್ನೆಯಿಂದ. ಎಷ್ಟೋ ಆಟಗಳಲ್ಲಿ ನಾವು ಕೋಣೆಯಿಂದ ಕೋಣೆಗೆ ಹೋಗುತ್ತೇವೆ, ಹೊಳೆಯುವ ವಸ್ತುಗಳ ಮೇಲೆಲ್ಲ ಕ್ಲಿಕ್ ಮಾಡುತ್ತೇವೆ. ಎಲ್ಲ ಸಿಕ್ಕ ಮೇಲೆ ಕಥಾನಾಯಕ ತಾನೇ ಮುಂದೆ ಬಂದು ರಹಸ್ಯವನ್ನೆಲ್ಲ ಬಿಡಿಸಿ ಹೇಳಿಬಿಡುತ್ತಾನೆ. ಕಥೆ ಚೆನ್ನಾಗಿರಬಹುದು. ಆದರೆ ಅಲ್ಲಿ ನಾನು ಯೋಚನೆ ಮಾಡಿದ್ದೇನು? ಏನೂ ಇಲ್ಲ. ನನಗೆ ಬೇಕಾದದ್ದು ಬೇರೆ ಥರದ ಆಟ. ಸುಳಿವನ್ನು ಕಣ್ಣೆದುರೇ ಇಟ್ಟು, ಅರ್ಥ ಮಾಡಿಕೊಳ್ಳುವುದನ್ನು ಪೂರ್ತಿ ನನಗೇ ಬಿಡುವ ಆಟ.

ನಾನಿರುವುದು ಕಾರವಾರದ ಕೋಡಿಬಾಗದಲ್ಲಿ. ಇಂಥ ಆಟಗಳನ್ನು ಹೆಚ್ಚಾಗಿ ಆಡುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ನನ್ನ ಬಾಲ್ಯದ ಗೆಳೆಯನೊಬ್ಬ ಪರ್ಸೀನ್ ಬೋಟಿನಲ್ಲಿ (ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಬೋಟು) ಕೆಲಸ ಮಾಡುತ್ತಾನೆ. ಆ ಎರಡು ತಿಂಗಳು ಬಲೆ ರಿಪೇರಿ ಬಿಟ್ಟರೆ ಅವನಿಗೆ ಬಿಡುವು ಜಾಸ್ತಿ. ಸಂಜೆ ನಮ್ಮ ಮನೆಗೆ ಬರುತ್ತಾನೆ, ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಕೂರುತ್ತೇವೆ. ಮೌಸ್ ನನ್ನ ಕೈಯಲ್ಲಿ, ಪೆನ್ನು ಅವನ ಕೈಯಲ್ಲಿ. ಇಂಗ್ಲಿಷ್ ಮಾತುಗಳನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಇಬ್ಬರು ಕೂತು ಆಡುವುದೇ ಇಂಥ ಆಟಕ್ಕೆ ಸರಿ ಅನ್ನುವುದು ನನ್ನ ಗಟ್ಟಿ ನಂಬಿಕೆ. ಒಬ್ಬನೇ ಆಡುವಾಗ ಮನಸ್ಸಿನಲ್ಲೇ ಉಳಿಯುವ ಅನುಮಾನವನ್ನು ಇಬ್ಬರಿದ್ದಾಗ ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ. ಹೇಳಿದ ಕೂಡಲೇ ಪಕ್ಕದವನು "ಅದು ಹೇಗೆ?" ಅಂತ ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಕೊಡುವುದರಲ್ಲೇ ಅರ್ಧ ಪತ್ತೇದಾರಿ ಇದೆ.

ನಾವು ಅತಿ ಹೆಚ್ಚು ಪ್ರೀತಿಯಿಂದ ಆಡಿದ ಆಟ 'ರಿಟರ್ನ್ ಆಫ್ ದಿ ಓಬ್ರಾ ಡಿನ್'. 2018ರಲ್ಲಿ ಬಂದದ್ದು. ಲೂಕಸ್ ಪೋಪ್ ಎಂಬ ಒಬ್ಬರೇ ಹೆಚ್ಚುಕಮ್ಮಿ ಪೂರ್ತಿ ಕಟ್ಟಿದ ಆಟ. 1802ರಲ್ಲಿ ಲಂಡನ್ನಿನಿಂದ ಪೂರ್ವ ದೇಶಗಳ ಕಡೆ ಹೊರಟ ಹಡಗೊಂದು ಕಾಣೆಯಾಗುತ್ತದೆ. 1807ರಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತಾನೇ ತೇಲಿಕೊಂಡು ಬರುತ್ತದೆ. ಒಳಗೆ ಜೀವಂತ ಯಾರೂ ಇಲ್ಲ. ನಾವು ಈಸ್ಟ್ ಇಂಡಿಯಾ ಕಂಪನಿಯ ವಿಮಾ ತನಿಖಾಧಿಕಾರಿ. ಹಡಗಿನಲ್ಲಿದ್ದ 60 ಜನರಿಗೆ ಏನಾಯಿತು, ಯಾರು ಯಾರನ್ನು ಕೊಂದರು, ಬದುಕಿದವರು ಎಲ್ಲಿಗೆ ಹೋದರು ಅನ್ನುವುದನ್ನೆಲ್ಲ ಒಂದು ಪುಸ್ತಕದಲ್ಲಿ ತುಂಬಬೇಕು.

ಕೈಯಲ್ಲಿ ಒಂದು ಮಾಯದ ಗಡಿಯಾರ ಇರುತ್ತದೆ. ಹೆಣದ ಹತ್ತಿರ ಅದನ್ನು ತೆರೆದರೆ ಮೊದಲು ಕತ್ತಲು. ಸಾಯುವ ಮುಂಚಿನ ಕೆಲವು ಸೆಕೆಂಡುಗಳ ಮಾತು, ಕಿರುಚಾಟ, ಗುಂಡಿನ ಸದ್ದು ಮಾತ್ರ ಕೇಳುತ್ತದೆ. ಆಮೇಲೆ ಸಾವಿನ ಆ ಕ್ಷಣ ಕಣ್ಣೆದುರು ಸ್ತಬ್ಧವಾಗಿ ನಿಲ್ಲುತ್ತದೆ. ಅದರೊಳಗೆ ನಾವು ನಡೆದಾಡಬಹುದು. ಮೆಟ್ಟಿಲ ಹಿಂದೆ ಯಾರು ನಿಂತಿದ್ದಾರೆ, ಯಾರ ಕೈಯಲ್ಲಿ ಏನಿದೆ, ಯಾರ ಬಟ್ಟೆ ಹೇಗಿದೆ, ಎಲ್ಲ ನೋಡಬಹುದು. ಚಿತ್ರಕ್ಕೆ ಎರಡೇ ಬಣ್ಣ. ಹಾಗಿದ್ದರೂ, ಬಹುಶಃ ಅದರಿಂದಲೇ, ಕಣ್ಣು ಒಂದೊಂದು ಗೆರೆಯನ್ನೂ ಬಿಡದೆ ನೋಡಲು ಕಲಿಯುತ್ತದೆ.

ಇಲ್ಲಿ ಗೆಳೆಯನ ಬೋಟಿನ ಅನುಭವ ಎಷ್ಟು ಕೆಲಸಕ್ಕೆ ಬಂತೆಂದರೆ, ನಾನೊಬ್ಬನೇ ಆಡಿದ್ದರೆ ಈ ಆಟದ ಅರ್ಧ ಸೊಗಸು ನನಗೆ ಸಿಗುತ್ತಿರಲಿಲ್ಲ. ಆಟದಲ್ಲಿ ನಮಗೆ ಸಿಬ್ಬಂದಿಯ ಪಟ್ಟಿ ಕೊಡುತ್ತಾರೆ. ಹೆಸರು, ಹುದ್ದೆ, ಯಾವ ದೇಶದವನು, ಅಷ್ಟೇ. ಎಲ್ಲರ ಮುಖ ಇರುವ ಚಿತ್ರಗಳು ಬೇರೆ ಇವೆ. ಯಾವ ಹೆಸರಿಗೆ ಯಾವ ಮುಖ ಅನ್ನುವುದೇ ಒಗಟು. ನಾನು ಮಾತಿನಲ್ಲಿ ಯಾರಾದರೂ ಹೆಸರು ಹಿಡಿದು ಕರೆಯುತ್ತಾರಾ ಅಂತ ಕಿವಿಗೊಟ್ಟು ಕೂತಿದ್ದೆ. ಅವನು ಮಾತಿನ ತಂಟೆಗೇ ಹೋಗಲಿಲ್ಲ. "ಇವನು ಯಾವಾಗಲೂ ಆ ಅಧಿಕಾರಿಯ ಹತ್ತಿರವೇ ಇರುತ್ತಾನೆ ನೋಡು. ಅವನ ಚಾಕರಿ ಮಾಡುವವನೇ ಇರಬೇಕು" ಅಂದ. ಪಟ್ಟಿ ನೋಡಿದರೆ ಒಬ್ಬೊಬ್ಬ ದೊಡ್ಡ ಅಧಿಕಾರಿಗೂ ಒಬ್ಬೊಬ್ಬ ಪರಿಚಾರಕ ಇದ್ದಾನೆ! ಇನ್ನೊಂದು ಸಲ ಹೇಳಿದ: "ನಮ್ಮ ಬೋಟಿನಲ್ಲಿ ಒಡಿಶಾದ ಹುಡುಗರು, ಜಾರ್ಖಂಡಿನ ಹುಡುಗರು ಇದ್ದಾರೆ. ಕೆಲಸದಲ್ಲಿ ಎಲ್ಲರೂ ಒಂದೇ. ಊಟಕ್ಕೆ, ನಿದ್ದೆಗೆ ಊರಿನವರ ಜೊತೆಗೇ ಹೋಗುತ್ತಾರೆ. ಇಲ್ಲೂ ಹಾಗೇ ಇರುತ್ತದೆ, ಹುಡುಕು." ಹುಡುಕಿದೆವು. ಹಾಗೇ ಇತ್ತು. ಪಟ್ಟಿಯಲ್ಲಿ ಭಾರತದ ನಾವಿಕರೂ ಇದ್ದಾರೆ. ಅವರನ್ನು ಗುರುತಿಸಿದಾಗ ನಮಗಾದ ಸಂತೋಷ ಹೇಳತೀರದು. 17ನೇ ಶತಮಾನದಲ್ಲಿ ಇದೇ ಕಾರವಾರದಲ್ಲಿ ಇಂಗ್ಲಿಷರ ಕೋಠಿ, ಅಂದರೆ ವ್ಯಾಪಾರದ ಠಾಣೆ ಇತ್ತು, ಅವರ ಹಡಗುಗಳು ಮೆಣಸಿಗಾಗಿ ಈ ದಂಡೆಗೆ ಬರುತ್ತಿದ್ದವು. ಆ ಹಡಗುಗಳಲ್ಲಿ ದುಡಿದವರ ಮುಖ ನಾವು ಯಾವತ್ತೂ ನೋಡಿಲ್ಲ, ಅಲ್ವಾ?

ಒಂದು ಸುಳಿವನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಇದರಿಂದ ಆಟ ಹಾಳಾಗುವುದಿಲ್ಲ. ನಾವಿಕರು ಮಲಗುವ ತೂಗುಹಾಸಿಗೆಗಳು ಒಂದು ದೃಶ್ಯದಲ್ಲಿ ಕಾಣುತ್ತವೆ. ನಾವು ಗಾಬರಿಯಿಂದ ಹೆಣದ ಕಡೆಯೇ ನೋಡುತ್ತಿರುತ್ತೇವೆ. ಆದರೆ ಹಾಸಿಗೆಗಳ ಮೇಲೆ ಸಣ್ಣ ಸಂಖ್ಯೆಗಳಿವೆ. ಆ ಸಂಖ್ಯೆಗಳು ಸಿಬ್ಬಂದಿ ಪಟ್ಟಿಯ ಸಂಖ್ಯೆಗಳೇ! ಆಟ ಅದನ್ನು ಎಲ್ಲೂ ಎತ್ತಿ ಹೇಳುವುದಿಲ್ಲ. ಬಾಣದ ಗುರುತಿಲ್ಲ, ಹೊಳಪಿಲ್ಲ, ಸಂಗೀತವೂ ಬದಲಾಗುವುದಿಲ್ಲ. ನೋಡಿದವನಿಗೆ ಸಿಗುತ್ತದೆ, ನೋಡದವನಿಗೆ ಇಲ್ಲ. ಗೆಳೆಯ ಟಿವಿಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದಾಗ ನಾವಿಬ್ಬರೂ ಎದ್ದು ನಿಂತಿದ್ದೆವು. ಅಲ್ಲಿಂದ ಮುಂದೆ, ಸಿಕ್ಕಾದ ಬಲೆಯಲ್ಲಿ ಒಂದು ಗಂಟು ಬಿಟ್ಟರೆ ಪಕ್ಕದ್ದು ಸಡಿಲಾಗುವ ಹಾಗೆ, ಹೆಸರುಗಳು ಒಂದರ ಹಿಂದೆ ಒಂದು ಬಿಡಿಸಿಕೊಂಡವು.

ಉತ್ತರ ಸರಿಯೋ ತಪ್ಪೋ ಅಂತ ಆಟ ಹೇಳುವ ರೀತಿಯಲ್ಲೂ ಒಂದು ಜಾಣತನ ಇದೆ. ಒಂದೊಂದಕ್ಕೇ ಹೇಳಿದರೆ ನಾವು ಹೆಸರುಗಳನ್ನು ಒಂದಾದ ಮೇಲೊಂದು ಹಾಕಿ ನೋಡಿ ಗೆದ್ದುಬಿಡುತ್ತಿದ್ದೆವು. ಕೊನೆಯವರೆಗೂ ಹೇಳದಿದ್ದರೆ ಧೈರ್ಯ ಹೋಗುತ್ತಿತ್ತು. ಹಾಗಾಗಿ ಮೂವರ ಹೆಸರು ಮತ್ತು ಗತಿ ಪೂರ್ತಿ ಸರಿಯಾದಾಗ ಮಾತ್ರ ಆ ಮೂರು ಖಾಯಂ ಆಗುತ್ತವೆ. ಅಲ್ಲಿವರೆಗೆ ಆಟ ಸುಮ್ಮನಿರುತ್ತದೆ. ಖಾತ್ರಿಯಾಗಿ ಗೊತ್ತಿರುವ ಎರಡರ ಜೊತೆ ಅನುಮಾನದ ಒಂದನ್ನು ಇಟ್ಟು ಪರೀಕ್ಷೆ ಮಾಡಬಹುದು. ಅದಕ್ಕೆ ಅವಕಾಶ ಇದೆ. ಆದರೆ ನಾವು ಹಾಗೆ ಮಾಡುವುದಿಲ್ಲ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಅಂದಾಜಿನಿಂದ ಬಂದ ಉತ್ತರಕ್ಕೆ ರುಚಿ ಇಲ್ಲ.

ಇನ್ನು ನಮ್ಮ ನೋಟ್‌ಬುಕ್ಕಿನ ವಿಷಯ. ಪುಟದ ಮಧ್ಯೆ ಒಂದು ಗೆರೆ. ಎಡಗಡೆ ಕಂಡದ್ದು, ಬಲಗಡೆ ಅಂದುಕೊಂಡದ್ದು. "ಗಡ್ಡದವನ ಕೈಯಲ್ಲಿ ರಕ್ತ" ಎಡಕ್ಕೆ. "ಗಡ್ಡದವನೇ ಚುಚ್ಚಿದ್ದು" ಬಲಕ್ಕೆ. ಇವೆರಡೂ ಬೇರೆ ಅನ್ನುವುದನ್ನು ಕೈಯಲ್ಲಿ ಬರೆಯುವಾಗಲೇ ಗೊತ್ತಾಗುವುದು. ಬಲಗಡೆ ಬರೆದ ಪ್ರತಿಯೊಂದಕ್ಕೂ ಎಡಗಡೆ ಆಧಾರ ಬೇಕು. ಆಧಾರ ಇಲ್ಲದ್ದನ್ನು ಪೆನ್ಸಿಲಿನಲ್ಲೇ ಬಿಡುತ್ತೇವೆ. ಇನ್ನೊಂದು ಅಭ್ಯಾಸ, ರಾತ್ರಿ ನಿಲ್ಲಿಸುವುದು ಉತ್ತರ ಸಿಕ್ಕಾಗ ಅಲ್ಲ, ಪ್ರಶ್ನೆ ಗಟ್ಟಿಯಾದಾಗ. ಮರುದಿನ ಕೆಲಸದ ಮಧ್ಯೆ ಅದು ತಲೆಯಲ್ಲಿ ತಿರುಗುತ್ತಲೇ ಇರುತ್ತದೆ. ಮಳೆ ಬಿಟ್ಟಾಗ ಟ್ಯಾಗೋರ್ ಕಡಲತೀರದಲ್ಲಿ ನಡೆಯುತ್ತಾ ವಾದ ಮಾಡಿ ಬಿಡಿಸಿದ ಒಗಟುಗಳು, ಪರದೆ ಮುಂದೆ ಕೂತು ಬಿಡಿಸಿದವುಗಳಿಗಿಂತ ಜಾಸ್ತಿ ಇರಬಹುದು. ಅಲ್ಲೇ ನಿಂತಿರುವ ಐಎನ್‌ಎಸ್ ಚಾಪೆಲ್ ಯುದ್ಧನೌಕೆಯ ಮ್ಯೂಸಿಯಮ್ಮಿಗೂ ಒಂದು ದಿನ ಹೋಗಿ ಬಂದೆವು. ಅದು ಈ ಕಾಲದ ಕ್ಷಿಪಣಿ ನೌಕೆ, ಓಬ್ರಾ ಡಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಇಕ್ಕಟ್ಟಾದ ಜಾಗದಲ್ಲಿ ಯಾರು ಎಲ್ಲಿ ಇರುತ್ತಾರೆ ಅನ್ನುವುದು ಎಷ್ಟು ಮುಖ್ಯ ಅಂತ ಒಳಗೆ ಹೋದರೆ ಮೈಗೇ ತಿಳಿಯುತ್ತದೆ.

ಒಗಟು ನ್ಯಾಯವಾಗಿರಬೇಕು. ಇದು ಬಹಳ ದೊಡ್ಡ ಮಾತು. ಹಳೆಯ ಸಾಹಸ ಆಟಗಳಲ್ಲಿ ಇದರದ್ದೇ ತೊಂದರೆ. 1999ರಲ್ಲಿ ಬಂದ 'ಗೇಬ್ರಿಯಲ್ ನೈಟ್ 3' ಆಟದಲ್ಲಿ ಒಂದು ಬೈಕು ಬಾಡಿಗೆಗೆ ಪಡೆಯಬೇಕು. ಅದಕ್ಕೆ ಇನ್ನೊಬ್ಬನ ವೇಷ ಹಾಕಬೇಕು. ವೇಷಕ್ಕೆ ಮೀಸೆ ಬೇಕು. ಮೀಸೆಗೆ ಬೆಕ್ಕಿನ ಕೂದಲು ಬೇಕು. ಹಾಗಾಗಿ ಒಂದು ತೂತಿಗೆ ಟೇಪು ಅಂಟಿಸಿ, ಬೆಕ್ಕಿಗೆ ನೀರು ಚಿಮುಕಿಸಿ ಆ ತೂತಿನಲ್ಲಿ ಓಡಿಸಿ, ಟೇಪಿಗೆ ಹತ್ತಿದ ಕೂದಲನ್ನು ಸಿರಪ್ಪಿನಿಂದ ಮೂಗಿನ ಕೆಳಗೆ ಅಂಟಿಸಿಕೊಳ್ಳಬೇಕು. ಆದರೆ ಯಾರ ವೇಷ ಹಾಕುತ್ತೇವೋ ಅವನಿಗೆ ಮೀಸೆಯೇ ಇಲ್ಲ! ಅವನ ಪಾಸ್‌ಪೋರ್ಟಿನ ಫೋಟೋಗೂ ಮೀಸೆ ಬರೆಯಬೇಕು. ಇಲ್ಲಿ ಯೋಚನೆ ಮಾಡಿ ಪ್ರಯೋಜನವಿಲ್ಲ. ಆಟ ಬರೆದವರ ತಲೆಯಲ್ಲಿ ಏನಿತ್ತು ಅಂತ ಊಹಿಸಬೇಕು, ಅಷ್ಟೇ. ಉತ್ತರ ತಿಳಿದ ಮೇಲೆ "ಅಯ್ಯೋ, ಕಣ್ಣೆದುರೇ ಇತ್ತಲ್ಲ" ಅನ್ನಿಸಿದರೆ ಅದು ಒಳ್ಳೆಯ ಒಗಟು. "ಇದು ಯಾರಿಗೆ ಹೊಳೆಯುತ್ತದೆ?" ಅನ್ನಿಸಿದರೆ ಕೆಟ್ಟದ್ದು.

ಕ್ಯಾಪ್ಕಾಮ್‌ನ 'ಏಸ್ ಅಟಾರ್ನಿ' ಸರಣಿ 2001ರಲ್ಲಿ ಜಪಾನಿನಲ್ಲಿ ಶುರುವಾಯಿತು. ಅದರಲ್ಲಿ ನಾವು ವಕೀಲರು. ಸಾಕ್ಷಿ ಹೇಳುವ ಮಾತಿನಲ್ಲಿ ಸುಳ್ಳು ಹಿಡಿದು, ಸರಿಯಾದ ಪುರಾವೆಯನ್ನು ಎದುರಿಗೆ ಇಡಬೇಕು. ಸುಳ್ಳು ಸಿಕ್ಕಿಬಿದ್ದ ಆ ಗಳಿಗೆ ಬಹಳ ಚೆಂದ. ಆದರೆ ಕೆಲವು ಸಲ ನಾವು ಆಟಕ್ಕಿಂತ ಮುಂದೆ ಇರುತ್ತೇವೆ. ಸತ್ಯ ಗೊತ್ತು, ಆದರೂ ಆಟ ಬಯಸಿದ ಅದೇ ಮಾತಿಗೆ ಅದೇ ಪುರಾವೆ ಇಡುವವರೆಗೆ ತಪ್ಪು ಅನ್ನುತ್ತದೆ. ಪಾತ್ರಗಳು ಅಷ್ಟು ಇಷ್ಟವಾಗುವುದರಿಂದ ನಾನು ಅದನ್ನು ಸಹಿಸಿಕೊಳ್ಳುತ್ತೇನೆ.

'ಹರ್ ಸ್ಟೋರಿ' ಬೇರೆಯೇ ಅನುಭವ. ಸ್ಯಾಮ್ ಬಾರ್ಲೋ ಅವರ 2015ರ ಆಟ. ಇದನ್ನು ಆಡಿದ್ದು ಅಕ್ಕನ ಜೊತೆ. ಹಳೆಯ ಪೊಲೀಸ್ ಕಂಪ್ಯೂಟರು, ಅದರಲ್ಲಿ 1994ರಲ್ಲಿ ಒಬ್ಬ ಹೆಂಗಸನ್ನು ವಿಚಾರಣೆ ಮಾಡಿದ ವಿಡಿಯೋ ತುಣುಕುಗಳು. ನಾವು ಒಂದು ಪದ ಟೈಪ್ ಮಾಡಬೇಕು. ಅವಳು ಆ ಪದ ಆಡಿದ ತುಣುಕುಗಳು ಬರುತ್ತವೆ. ಎಷ್ಟೇ ಇದ್ದರೂ ಮೊದಲ ಐದು ಮಾತ್ರ ನೋಡಬಹುದು. ಇದೊಂದೇ ಮಿತಿಯ ಮೇಲೆ ಇಡೀ ಆಟ ನಿಂತಿದೆ. ತುಣುಕುಗಳು ಕಾಲಕ್ರಮದಲ್ಲಿ ಇರುವುದರಿಂದ, ಸಾಮಾನ್ಯ ಪದ ಹಾಕಿದರೆ ವಿಚಾರಣೆಯ ಶುರುವಿನ ಮಾತುಗಳೇ ಸಿಗುತ್ತವೆ. ಕೊನೆಯ ದಿನದ ಮಾತು ಬೇಕಾದರೆ ಅವಳು ಆಗ ಮಾತ್ರ ಆಡಿರಬಹುದಾದ ಪದವನ್ನು ನಾವೇ ಊಹಿಸಬೇಕು. ಅಕ್ಕ ಮಾತಿಗಿಂತ ಆ ನಟಿಯ ಕೈ, ಕೂದಲು, ಕೂರುವ ಭಂಗಿ ನೋಡುತ್ತಿದ್ದಳು. ಟೈಪ್ ಮಾಡಲು ಅಕ್ಕ ಹೇಳಿದ ಪದಗಳಿಂದಲೇ ಹೆಚ್ಚು ಬಾಗಿಲು ತೆರೆದವು. ಕೊನೆಯಲ್ಲಿ "ನೀವು ಗೆದ್ದಿರಿ" ಅಂತ ಆಟ ಹೇಳುವುದಿಲ್ಲ. ನಮಗೆ ಅರ್ಥವಾಯಿತು ಅನ್ನಿಸಿದಾಗ ಮುಗಿಯಿತು. ಅಕ್ಕನಿಗೂ ನನಗೂ ಆ ಕಥೆಯ ಬಗ್ಗೆ ಇವತ್ತಿಗೂ ಒಂದೇ ಅಭಿಪ್ರಾಯ ಇಲ್ಲ. ಹಾಗಿರುವುದೇ ನನಗೆ ಇಷ್ಟ.

ತೀರ್ಪು ಕೊಡುವ ಭಾರ ಹೊರಿಸುವ ಆಟಗಳೂ ಇವೆ. ಉಕ್ರೇನಿನ ಫ್ರಾಗ್‌ವೇರ್ಸ್ 2014ರಲ್ಲಿ ತಂದ ಶೆರ್ಲಾಕ್ ಹೋಮ್ಸ್ ಆಟ 'ಕ್ರೈಮ್ಸ್ ಅಂಡ್ ಪನಿಶ್‌ಮೆಂಟ್ಸ್' ಅಂಥದ್ದು. ಆರು ಪ್ರಕರಣ. ಸುಳಿವುಗಳನ್ನು ಜೋಡಿಸಿ ನಾವೇ ತೀರ್ಮಾನಕ್ಕೆ ಬರಬೇಕು. ನಿರಪರಾಧಿಯ ಮೇಲೆ ಆರೋಪ ಹೊರಿಸಿದರೂ ಆಟ ತಡೆಯುವುದಿಲ್ಲ, ಕಥೆ ಮುಂದೆ ಹೋಗುತ್ತದೆ. ಅಪರಾಧಿಯನ್ನು ಕಾನೂನಿಗೆ ಒಪ್ಪಿಸುವುದೋ ಕ್ಷಮಿಸುವುದೋ ಅನ್ನುವುದೂ ನಮ್ಮದೇ ಆಯ್ಕೆ. ಗೆಳೆಯ ಕ್ಷಮಿಸುವ ಪಕ್ಷ, ನಾನಲ್ಲ. ಒಂದು ರಾತ್ರಿ ಗುಂಡಿ ಒತ್ತದೇ ಹಾಗೇ ಎದ್ದಿದ್ದೇವೆ.

ಸಾಹಸದ ಕಡೆ ಬಂದರೆ 2019ರ 'ಔಟರ್ ವೈಲ್ಡ್ಸ್' ಒಂದನ್ನು ಹೇಳಲೇಬೇಕು. ಪುಟ್ಟ ಸೌರಮಂಡಲ, 22 ನಿಮಿಷಕ್ಕೊಮ್ಮೆ ಎಲ್ಲ ಮೊದಲಿಂದ. ಹೊಸ ಆಯುಧ, ಹೊಸ ಶಕ್ತಿ ಏನೂ ಸಿಗುವುದಿಲ್ಲ. ಉಳಿಯುವುದು ತಿಳಿದುಕೊಂಡದ್ದು ಮಾತ್ರ. ಆಟದ ಕೊನೆಗೆ ತಲುಪುವ ದಾರಿ ಮೊದಲ ದಿನದಿಂದಲೂ ತೆರೆದೇ ಇತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ. ಇದನ್ನು ಒಂದು ಸಲ ಮಾತ್ರ ಪೂರ್ತಿಯಾಗಿ ಅನುಭವಿಸಲು ಸಾಧ್ಯ. ಹಾಗಾಗಿ ದಯವಿಟ್ಟು ಇದರ ವಿಡಿಯೋಗಳನ್ನು ನೋಡಬೇಡಿ.

ಸಿಕ್ಕಿಹಾಕಿಕೊಂಡಾಗ ಯೂಟ್ಯೂಬ್ ನೋಡಬಹುದಾ ಅಂತ ತುಂಬ ಜನ ಕೇಳುತ್ತಾರೆ. ನನ್ನ ಉತ್ತರ ಹೀಗೆ. ಮೊದಲು ಆಟ ನಿಲ್ಲಿಸಿ, ಮಲಗಿ. ಮರುದಿನ ನೋಟ್‌ಬುಕ್ಕಿನ ಎಡಗಡೆಯನ್ನು ಮಾತ್ರ ಮತ್ತೆ ಓದಿ. ಆಮೇಲೂ ಆಗದಿದ್ದರೆ, ಆಟ ಆಡಿ ಮುಗಿಸಿದ ಸ್ನೇಹಿತರನ್ನು ಕೇಳಿ. ಅದೂ ಉತ್ತರ ಅಲ್ಲ, "ನಾನು ಯಾವ ಜಾಗವನ್ನು ಸರಿಯಾಗಿ ನೋಡಿಲ್ಲ?" ಅಂತ ಕೇಳಿ. ನೋಡಬೇಕಾದ ಜಾಗ ಗೊತ್ತಾದರೂ ಕಂಡುಹಿಡಿಯುವ ಕೆಲಸ ನಿಮ್ಮದಾಗಿಯೇ ಉಳಿಯುತ್ತದೆ.

ಹೊಸದಾಗಿ ಶುರುಮಾಡುವವರು 'ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್' ಹಿಡಿಯಿರಿ. ಲಾಟ್ವಿಯಾದ ಅಣ್ಣತಮ್ಮಂದಿರು ಮಾಡಿದ 2022ರ ಆಟ. ಒಂದೊಂದು ಪ್ರಕರಣವೂ ಚಿಕ್ಕದು, ಒಂದು ಸಂಜೆಗೆ ಸಾಕು. ಸಾವಿನ ಗಳಿಗೆಯ ಚಿತ್ರದಲ್ಲಿ ಜೇಬು, ಕಾಗದ, ಪೆಟ್ಟಿಗೆ ಎಲ್ಲ ತಡಕಿ ಪದಗಳನ್ನು ಸಂಗ್ರಹಿಸಬೇಕು. ಆಮೇಲೆ ಬಿಟ್ಟ ಸ್ಥಳ ತುಂಬಿ ನಡೆದದ್ದನ್ನು ವಾಕ್ಯವಾಗಿ ಜೋಡಿಸಬೇಕು. ಎರಡೋ ಅದಕ್ಕಿಂತ ಕಡಿಮೆಯೋ ತಪ್ಪಿದ್ದರೆ ಅಷ್ಟನ್ನು ಮಾತ್ರ ಆಟ ತಿಳಿಸುತ್ತದೆ, ಯಾವುದು ಅಂತ ಹೇಳುವುದಿಲ್ಲ. ಮೊಬೈಲಿಗೂ ಬಂದಿದೆ. ಆಮೇಲೆ ಓಬ್ರಾ ಡಿನ್ನಿಗೆ ಬನ್ನಿ. ಅದಕ್ಕೆ ದುಬಾರಿ ಕಂಪ್ಯೂಟರೇನೂ ಬೇಡ, ನಮ್ಮದು ಹಳೆಯ ಲ್ಯಾಪ್‌ಟಾಪೇ. ಆದರೆ ಒಳ್ಳೆಯ ಹೆಡ್‌ಫೋನೋ ಸ್ಪೀಕರೋ ಇರಲಿ. ಕತ್ತಲಲ್ಲಿ ಕೇಳುವ ಆ ಮಾತುಗಳಲ್ಲಿ ಯಾರ ಉಚ್ಚಾರಣೆ ಯಾವ ದೇಶದ್ದು ಅನ್ನುವುದೂ ಸುಳಿವೇ. ಮಾಡಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಅದು ಕೇಳಿಸುವುದಿಲ್ಲ.