ಮೂರು ಕಂಪ್ಯೂಟರಿಗೆ ಒಂದೇ ಫೈರ್‌ವಾಲ್ ಫೈಲು
ಸಾಗರದ ನಮ್ಮ ಮನೆಯಲ್ಲಿ ಮೂರು ವಿಂಡೋಸ್ ಕಂಪ್ಯೂಟರ್ ಇವೆ. ಮೊನ್ನೆ ಸಿಡಿಲಿಗೆ ರೂಟರ್ ಸುಟ್ಟು ಹೊಸದು ಹಾಕಿದ ಮೇಲೆ, ನನ್ನ ಕಂಪ್ಯೂಟರಿನಲ್ಲಿರುವ ಅಡಿಕೆ ಲೆಕ್ಕದ ಫೋಲ್ಡರ್ ಅಪ್ಪನಿಗೆ ತೆರೆಯಲೇ ಇಲ್ಲ. ಸಿಟ್ಟಿಗೆ, ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ವಿಂಡೋಸಿನ ಕಾವಲಾದ ಫೈರ್‌ವಾಲನ್ನೇ ಆಫ್ ಮಾಡೋಣ ಅನ್ನಿಸಿತ್ತು, ಮಾಡಲಿಲ್ಲ ಪುಣ್ಯಕ್ಕೆ. ನೋಡಿದರೆ ನನ್ನದರಲ್ಲಿ ಹೊಸ ವೈಫೈ 'ಪಬ್ಲಿಕ್', ಅಂದರೆ ನಂಬಬಾರದ ನೆಟ್‌ವರ್ಕ್ ಅಂತ ಕೂತಿತ್ತು. 'ಪ್ರೈವೇಟ್' ಮಾಡಿದೆ, ಸರಿಹೋಯಿತು.

ಆದರೆ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ಫೈರ್‌ವಾಲ್ ನಿಯಮಗಳು ಮೂರರಲ್ಲೂ ಮೂರು ಥರ ಇದ್ದವು. ಹಾಗಾಗಿ ಒಂದರಲ್ಲಿ ಫೋಲ್ಡರ್ ಹಂಚಿಕೆಗೆ ಬೇಕಾದ 445ನೇ ಪೋರ್ಟನ್ನು (ಸಂಪರ್ಕದ ಬಾಗಿಲು) ಮನೆ ನೆಟ್‌ವರ್ಕಿಗಷ್ಟೇ ತೆರೆದು, ಹಳೇ ಗೇಮ್‌ಗಳ ನಿಯಮಗಳನ್ನೆಲ್ಲ ಅಳಿಸಿ, 'ಎಕ್ಸ್‌ಪೋರ್ಟ್ ಪಾಲಿಸಿ' ಕೊಟ್ಟು ನಿಯಮಗಳನ್ನೆಲ್ಲ ಒಂದು ಫೈಲಿಗೆ ಉಳಿಸಿ, ಆ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಉಳಿದೆರಡರಲ್ಲಿ ಇಂಪೋರ್ಟ್ ಮಾಡಿದೆ. ಇಂಪೋರ್ಟ್ ಅಂದರೆ ಹಳೇದಕ್ಕೆ ಸೇರಿಸುವುದಲ್ಲ, ಅಲ್ಲಿದ್ದದ್ದೆಲ್ಲ ಹೋಗುತ್ತದೆ. ನಾನು ಬ್ಯಾಕಪ್ ತೆಗೆದಿರಲಿಲ್ಲ. ತಂಗಿಯ ಪ್ರಿಂಟರ್ ನಿಯಮ ಹೋಯಿತು, ಅವಳ ಬೈಗುಳ ಇನ್ನೂ ನಿಂತಿಲ್ಲ.