ಕಲ್ಲು ಕೆಳಗಿದೆ, ಗಾಳಿ ಮೇಲಿದೆ: ಮಂಗಳದ ದತ್ತಾಂಶದ ಜೊತೆ ನನ್ನ ಅನುಭವ

ನಾನು ಕೇಳಿಕೊಂಡ ಪ್ರಶ್ನೆ ಚಿಕ್ಕದು. ಮಂಗಳದ ದಕ್ಷಿಣದ ಕಾಂತೀಯ ಕಲ್ಲುಗಳು ಸೂರ್ಯನ ಕಡೆ ತಿರುಗಿದಾಗ ಸೌರಮಾರುತ, ಅಂದರೆ ಸೂರ್ಯನಿಂದ ಹರಿದುಬರುವ ವಿದ್ಯುತ್ ಕಣಗಳ ಗಾಳಿ, ಇನ್ನಷ್ಟು ಮೇಲೆಯೇ ತಡೆದು ನಿಲ್ಲುತ್ತದಾ?

ಮಂಗಳನ ಒಡಲಿನಲ್ಲಿ ಕಾಂತಕ್ಷೇತ್ರ ಹುಟ್ಟಿಸುತ್ತಿದ್ದ ಡೈನಮೋ (ಕರಗಿದ ಲೋಹದ ಹರಿವು) ನಿಂತು ನೂರಾರು ಕೋಟಿ ವರ್ಷವಾಯಿತು. ಆದರೆ ಆಗ ಕಾಂತತ್ವ ಹಿಡಿದ ಕಲ್ಲು ಅದನ್ನು ಇನ್ನೂ ಬಿಟ್ಟಿಲ್ಲ. 1997ರಲ್ಲಿ ಮಂಗಳ ತಲುಪಿದ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಇದನ್ನು ಕಂಡುಹಿಡಿಯಿತು. ದಕ್ಷಿಣದ ಟೆರಾ ಸಿರೆನಮ್, ಟೆರಾ ಸಿಮ್ಮೇರಿಯಾ ಪ್ರದೇಶಗಳ ಕಡೆ 400 ಕಿ.ಮೀ. ಎತ್ತರದಲ್ಲೂ ಸುಮಾರು 200 ನ್ಯಾನೊಟೆಸ್ಲಾ ಕಾಂತಕ್ಷೇತ್ರ ಸಿಗುತ್ತದೆ. ಉತ್ತರದ ಬಯಲಿನ ಬಹುಪಾಲು ಜಾಗದಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದೆ. ಸೌರಮಾರುತದಲ್ಲಿ ಒಂದು ಘನ ಸೆಂ.ಮೀ.ಗೆ 3 ಪ್ರೋಟಾನ್, ವೇಗ ಸೆಕೆಂಡಿಗೆ 400 ಕಿ.ಮೀ. ಅಂತ ಇಟ್ಟುಕೊಂಡರೆ ಒತ್ತಡ ಸುಮಾರು 0.8 ನ್ಯಾನೊಪಾಸ್ಕಲ್. ಅದಕ್ಕೆ ಎದುರು ನಿಲ್ಲಲು ಸುಮಾರು 45 ನ್ಯಾನೊಟೆಸ್ಲಾ ಸಾಕು. ಅಂದರೆ ದಕ್ಷಿಣದಲ್ಲಿ 400 ಕಿ.ಮೀ. ಎತ್ತರದಲ್ಲಿ ಕಲ್ಲೇ ಗೆಲ್ಲಬೇಕು, ಅಲ್ವಾ? ಉಳಿದ ಕಡೆ ಆ ಕೆಲಸ ಅಯಾನುಗೋಳ (ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರ) ಮತ್ತು ಅದರ ಮೇಲೆ ಬಂದು ರಾಶಿಬೀಳುವ, ಸೌರಮಾರುತ ಹೊತ್ತುತರುವ ಕಾಂತಕ್ಷೇತ್ರದ್ದು.

ಆಮೇಲೆ ನಾಸಾದ ಮೇವನ್ ನೌಕೆಯ ದತ್ತಾಂಶ ಇಳಿಸಿಕೊಂಡೆ. 2014ರ ಸೆಪ್ಟೆಂಬರಿನಲ್ಲಿ ಅದು ಮಂಗಳ ತಲುಪಿತು. ಆರಂಭದ ದಿನಗಳಲ್ಲಿ ಒಂದು ಸುತ್ತಿಗೆ ಸುಮಾರು ನಾಲ್ಕೂವರೆ ಗಂಟೆ. ಪ್ರತಿ ಸುತ್ತಿನಲ್ಲೂ ನೌಕೆ ಗಡಿ (ಸೌರಮಾರುತ ತಡೆದು ನಿಲ್ಲುವ ಎಲ್ಲೆ) ದಾಟಿದ ಜಾಗ ಗುರುತಿಸಿ, ಕಲ್ಲಿನ ಕ್ಷೇತ್ರದ ಮಾದರಿಯ ಜೊತೆ ಹೋಲಿಸಿದೆ. ಏನೂ ಸಂಬಂಧವೇ ಕಾಣಲಿಲ್ಲ. ಎರಡು ವಾರ ಗಡಿ ಹುಡುಕುವ ಪ್ರೋಗ್ರಾಮನ್ನೇ ಬೈದುಕೊಂಡು ಕೂತಿದ್ದೆ.

ತಪ್ಪು ಅಲ್ಲಿರಲಿಲ್ಲ. ನೌಕೆಯ ಸ್ಥಾನವನ್ನು ಸೂರ್ಯನಿಗೆ ಹೊಂದಿಕೊಂಡ ಅಕ್ಷಗಳಲ್ಲಿ ತೆಗೆದುಕೊಂಡಿದ್ದೆ. ಮಾದರಿಗೆ ಬೇಕಿದ್ದದ್ದು ಗ್ರಹದ ಜೊತೆ ತಿರುಗುವ ರೇಖಾಂಶ. ಕಲ್ಲು 24 ಗಂಟೆ 37 ನಿಮಿಷಕ್ಕೊಮ್ಮೆ ಸುತ್ತುತ್ತದೆ, ಗಾಳಿ ಬರುವ ದಿಕ್ಕು ಮಾತ್ರ ಸೂರ್ಯನ ಕಡೆಯೇ. ಇಡೀ ವಿಷಯದ ಜೀವಾಳವೇ ಅದು. ನಾನು ಅದನ್ನೇ ಅಳಿಸಿಹಾಕಿದ್ದೆ. ಸರಿಪಡಿಸಿದ ಮೇಲೆ ದಕ್ಷಿಣದ ಕಲ್ಲು ಹಗಲಿಗೆ ಬಂದಾಗ ಗಡಿ ಮೇಲೇರುವುದು ಕಂಡಿತು. ಚುಕ್ಕಿಗಳು ಚೆದುರಿಯೇ ಇದ್ದವು, ಆದರೆ ಏರಿಕೆ ಇತ್ತು.

ಚೆದುರುವಿಕೆಗೆ ಕಾರಣ ಉಂಟು. ನೌಕೆ ಒಂದೇ. ಅದು ಗಡಿಯ ಒಳಗಿದ್ದಾಗ ಹೊರಗೆ ಗಾಳಿ ಹೇಗಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಹೊರಗಿದ್ದಾಗ ಅಳೆದ ಬೆಲೆಯನ್ನೇ ಬಳಸಿದೆ. ಅಷ್ಟರೊಳಗೆ ಗಾಳಿ ಬದಲಾಗಿರಬಹುದು. ಎರಡು ಅಳತೆಗಳ ನಡುವೆ ಒತ್ತಡ ಜಾಸ್ತಿ ಬದಲಾದ ಸುತ್ತುಗಳನ್ನು ಕೈಬಿಟ್ಟೆ. ಬಹಳಷ್ಟು ಹೋಯಿತು, ನೋವಾಯಿತು.

ಇನ್ನೊಂದು ಪಾಠ ತಡವಾಗಿ ಬಂತು. ಅಳತೆಯಿಂದ ಮಾದರಿಯನ್ನು ಕಳೆದರೆ ಉಳಿಯುವುದು ಸೌರಮಾರುತದ ಪಾಲು ಅಂತ ಸುಮ್ನೆ ಅಂದುಕೊಂಡಿದ್ದೆ. ಆದರೆ ಮಾದರಿ ಹೇಳುವುದು ಗಾಳಿ ಮುಟ್ಟದ ಕಲ್ಲಿನ ಕ್ಷೇತ್ರವನ್ನು. ಹಗಲಲ್ಲಿ ಗಾಳಿ ಅದನ್ನು ಅದುಮುತ್ತದೆ. ಕೆಲವೆಡೆ ಎರಡರ ಕಾಂತಕ್ಷೇತ್ರದ ಗೆರೆಗಳು ಕಡಿದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹೀಗೆ ಬೆಸೆದ ಗೆರೆಯನ್ನು ಯಾರ ಪಾಲಿಗೆ ಬರೆಯುವುದು?

ಅದಕ್ಕೆ ಎಲೆಕ್ಟ್ರಾನ್‌ಗಳ ಮೊರೆಹೋದೆ. ಸೂರ್ಯನ ಬೆಳಕು ವಾತಾವರಣಕ್ಕೆ ಬಡಿದು ಹುಟ್ಟುವ ಎಲೆಕ್ಟ್ರಾನ್‌ಗಳಿಗೆ ಶಕ್ತಿಯ ನಕ್ಷೆಯಲ್ಲಿ 22ರಿಂದ 27 ಎಲೆಕ್ಟ್ರಾನ್‌ವೋಲ್ಟ್ ಹತ್ತಿರ ಒಂದು ಗುಡ್ಡ ಇರುತ್ತದೆ. ಅವು ಗೆರೆಯ ಎರಡೂ ದಿಕ್ಕಿನಲ್ಲಿ ಹರಿಯುತ್ತಿದ್ದರೆ ಗೆರೆಯ ಎರಡು ತುದಿಯೂ ಗ್ರಹದಲ್ಲಿದೆ, ಅಂದರೆ ಮುಚ್ಚಿದ ಕಮಾನು. ಒಂದು ಕಡೆಯಿಂದ ಇವು, ಇನ್ನೊಂದು ಕಡೆಯಿಂದ ಸೌರಮಾರುತದ ಎಲೆಕ್ಟ್ರಾನ್‌ಗಳು ಬಂದರೆ ಗೆರೆ ತೆರೆದಿದೆ. ಗ್ರಹದ ರಾತ್ರಿಯ ಬದಿಯಲ್ಲಿ ಇನ್ನೂ ಚಂದ: ಮುಚ್ಚಿದ ಕಮಾನಿನೊಳಗೆ ಎಲೆಕ್ಟ್ರಾನ್‌ಗಳೇ ಖಾಲಿಯಾಗಿ ನಕ್ಷೆಯಲ್ಲಿ ಕಪ್ಪು ಗುಂಡಿಗಳು ಬೀಳುತ್ತವೆ.

ಬಲವಾದ ಎರಡು ಕಮಾನುಗಳ ಸಂದಿನಲ್ಲಿ, ಗೆರೆಗಳು ನೆಟ್ಟಗೆ ನಿಲ್ಲುವಲ್ಲಿ, ತೆರೆದ ಗೆರೆಗಳು ಸಾಲಾಗಿ ಕಂಡವು. ಗಾಳಿ ಕೆಳಗಿಳಿಯುವ ದಾರಿ ಅದೇ. ನಾನು ತಡೆಗೋಡೆ ಅಂದುಕೊಂಡಿದ್ದ ಜಾಗದಲ್ಲೇ ಬಾಗಿಲುಗಳಿದ್ದವು. ಈಗ ಗಡಿಯ ಎತ್ತರವನ್ನು ಬದಿಗಿಟ್ಟು, ಆ ಬಾಗಿಲುಗಳು ಯಾವ ಹೊತ್ತಿಗೆ ತೆರೆಯುತ್ತವೆ ಅಂತ ಸುತ್ತು ಸುತ್ತಾಗಿ ಗುರುತು ಹಾಕುತ್ತಿದ್ದೇನೆ.